ಕುತ್ತಿಗೆಯ ಗೆರೆ

ಸುಬೇದಾರರು ಹೋದ ಸುದ್ದಿ ಬಂದಾಗ ನಾನು ದಿಲ್ಲಿಯ ರೋಹಿಣಿ ಬಡಾವಣೆಯ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ನಡೆಸುತ್ತಿದ್ದೆ. ಫೋನು ಮಾಡಿದವಳು ಅವರ ಮಗಳು. ಮೊದಲು ಹಿಂದಿಯಲ್ಲಿ "ಪಪ್ಪಾ ನಹೀಂ ರಹೇ, ಅಕ್ಕಾ" ಅಂದಳು. ಆಮೇಲೆ, ಇಂಥ ಮಾತನ್ನು ನನಗೆ ಕನ್ನಡದಲ್ಲೇ ಹೇಳಬೇಕು ಅನ್ನಿಸಿತೋ ಏನೋ, ತಡವರಿಸುತ್ತ ಮತ್ತೊಮ್ಮೆ ಹೇಳಿದಳು: "ಬೆಳಿಗ್ಗೆ ಹೋದ್ರು. ನಿದ್ದೆಯಲ್ಲೇ."

ನಿದ್ದೆಯಲ್ಲಿ ಹೋದವರನ್ನು ಪುಣ್ಯವಂತರು ಅನ್ನುವುದು ರೂಢಿ. ಅವತ್ತು ಸ್ಟಾಫ್ ರೂಮಿನಲ್ಲಿ ಒಬ್ಬರು ಹಾಗೆ ಅಂದರು ಕೂಡ. ನಾನು ಸುಮ್ಮನೆ ತಲೆಯಾಡಿಸಿದೆ. ಆ ಮನುಷ್ಯನ ಪಾಲಿಗೆ ನಿದ್ದೆ ಎಂಥದ್ದಾಗಿತ್ತು ಎಂದು ವಿವರಿಸುವ ಶಕ್ತಿ ಆಗ ಇರಲಿಲ್ಲ. ಈಗ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಆ ಮನೆಯ ವಿಷಯ ಕಿದ್ವಾಯಿ ನಗರದ ನೆರೆಹೊರೆಯವರ ಬಾಯಿಗೆ ಒಮ್ಮೆ ಬಿದ್ದದ್ದೇ ಸಾಕು.

ನಾನು ಚಿತ್ರದುರ್ಗದಿಂದ ದಿಲ್ಲಿಗೆ ಪಿಎಚ್.ಡಿ. ಮಾಡಲು ಬಂದಾಗ ಬಸ್ಸುಗಳಿಗೆ ಸಿಎನ್‌ಜಿ ಹಾಕಿಸುವ ಗದ್ದಲ ನಡೆದಿತ್ತು. ವಿಶ್ವವಿದ್ಯಾಲಯದಲ್ಲಿ ನಮ್ಮದು ಪುಟ್ಟ ತಂಡ. ಒಬ್ಬರು ಪ್ರೊಫೆಸರ್, ನಾವು ಮೂವರು ವಿದ್ಯಾರ್ಥಿಗಳು, ಲ್ಯಾಬಿನ ತಾಂತ್ರಿಕ ಸಹಾಯಕರಾಗಿದ್ದ ಸುಬೇದಾರರು, ಮತ್ತೆ ಇಲಿಗಳು. ಇಲಿಗಳ ನಿದ್ದೆಯನ್ನು ಅಧ್ಯಯನ ಮಾಡುವುದು ನಮ್ಮ ಕೆಲಸ. ಇಲಿ ರಾತ್ರಿ ಓಡಾಡಿ ಹಗಲು ಮಲಗುವ ಪ್ರಾಣಿಯಾದ್ದರಿಂದ ನಮ್ಮ ಕೆಲಸವೆಲ್ಲ ಹಗಲಿನಲ್ಲೇ. ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಆ ಕಾರಿಡಾರಿನಲ್ಲಿ ಯಾರೂ ಚಪ್ಪಲಿ ಹಾಕಿ ನಡೆಯುವಂತಿರಲಿಲ್ಲ.

ಮೊದಲ ದಿನ ನಾನು ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು ಹೋದೆ. ಬಾಗಿಲು ಇನ್ನೂ ದೂರವಿರುವಾಗಲೇ ಒಳಗಿನಿಂದ ಗಟ್ಟಿಮುಟ್ಟಾದ, ಕತ್ತರಿಸಿದ ಬಿಳಿ ಮೀಸೆಯ ಮನುಷ್ಯರೊಬ್ಬರು ಮೂಗು ಎತ್ತಿಕೊಂಡು ಹೊರಬಂದು ಹಿಂದಿಯಲ್ಲಿ ಏನೋ ಗದರಿದರು. ನನ್ನ ಹಿಂದಿಯ ಉತ್ತರ ಕೇಳಿದ್ದೇ ಕನ್ನಡಕ್ಕೆ ಹೊರಳಿದರು.

"ಕರ್ನಾಟಕದವಳೇನಮ್ಮ? ಹೋಗಿ ತಲೆ ತೊಳೆದುಕೊಂಡು ಬಾ. ಈ ಎಣ್ಣೆ ವಾಸನೆಗೆ ನನ್ನ ಒಬ್ಬ ಜವಾನನೂ ಕಣ್ಣು ಮುಚ್ಚೋದಿಲ್ಲ."

ಜವಾನರು ಅಂದರೆ ಇಲಿಗಳು. ಸುಬೇದಾರರು ಕೊಡಗಿನವರು. ಸೈನ್ಯದ ಆಸ್ಪತ್ರೆಗಳಲ್ಲಿ ಆಪರೇಷನ್ ಕೋಣೆಯ ಸಹಾಯಕರಾಗಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ, ನಿವೃತ್ತರಾಗಿ ಇಲ್ಲಿಗೆ ಸೇರಿದ್ದರು. ಹೆಂಡತಿ ಯಾವುದೋ ಮಂತ್ರಾಲಯದಲ್ಲಿ ಗುಮಾಸ್ತೆ. ಕಿದ್ವಾಯಿ ನಗರದ ಕ್ವಾರ್ಟರ್ಸು ಆಕೆಯ ಹೆಸರಿನಲ್ಲಿ ಸಿಕ್ಕಿದ್ದು. ಒಬ್ಬಳೇ ಮಗಳು, ದಿಲ್ಲಿಯಲ್ಲೇ ಬೆಳೆದವಳು. ಕನ್ನಡ, ಕೊಡವ ಎರಡೂ ಅರ್ಥವಾಗುತ್ತಿದ್ದರೂ ಉತ್ತರ ಮಾತ್ರ ಹಿಂದಿಯಲ್ಲೇ ಕೊಡುತ್ತಿದ್ದಳು.

ಇಲಿಯ ತಲೆಬುರುಡೆಗೆ ಸಾಸಿವೆಯಷ್ಟು ದಪ್ಪದ ತಿರುಪು ಮೊಳೆಗಳನ್ನು ಕೂರಿಸಿ, ಕಣ್ಣಿನ ಪಕ್ಕಕ್ಕೆ ಒಂದು, ಕುತ್ತಿಗೆಯ ಸ್ನಾಯುವಿಗೆ ಒಂದು ತಂತಿ ಹೊಲಿಯಬೇಕು. ಇಲಿ ಚೇತರಿಸಿಕೊಂಡ ಮೇಲೆ ಆ ತಂತಿಗಳನ್ನು ಯಂತ್ರಕ್ಕೆ ಜೋಡಿಸಿದರೆ ಓಡುವ ಕಾಗದದ ಮೇಲೆ ಮೂರು ಗೆರೆ ಮೂಡುತ್ತವೆ: ಮಿದುಳಿನದು, ಕಣ್ಣಿನದು, ಕುತ್ತಿಗೆಯದು. ಆ ಮೂರನ್ನು ಓದಿ ಇಲಿ ಯಾವಾಗ ಎಚ್ಚರವಿತ್ತು, ಯಾವಾಗ ಮಲಗಿತು, ಯಾವಾಗ ಕನಸು ಕಂಡಿತು ಎಂದು ಗುರುತು ಹಾಕಬೇಕು. ಈ ಎರಡು ಕೆಲಸದಲ್ಲೂ ಸುಬೇದಾರರನ್ನು ಮೀರಿಸಿದವರನ್ನು ನಾನು ಮುಂದೆಯೂ ಕಾಣಲಿಲ್ಲ. ಅವರ ಕೈಯಲ್ಲಿ ಆಪರೇಷನ್ ಆದ ಇಲಿ ಸತ್ತದ್ದು ನನ್ನ ಕಾಲದಲ್ಲಿ ಒಂದೂ ಇಲ್ಲ.

ಒಂದು ಸಲ ಮೇಲಿನವರ ಸಮಿತಿಯೊಂದು ಲ್ಯಾಬು ನೋಡಲು ಬಂದಿತು. ಕೋಟು ಹಾಕಿದ ಐದಾರು ಜನ. ಆ ಹೊತ್ತಿಗೆ ಸರಿಯಾಗಿ ಒಂದು ಇಲಿ ಕನಸಿನ ನಿದ್ದೆಗೆ ಜಾರಿತ್ತು. ಸುಬೇದಾರರು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ತುಟಿಗೆ ಬೆರಳಿಟ್ಟು, ಅಷ್ಟೂ ಜನರನ್ನು ಕಾರಿಡಾರಿನಲ್ಲಿ ನಿಲ್ಲಿಸಿದರು. ಪ್ರೊಫೆಸರ ಮುಖ ಬಿಳುಪೇರಿತು. ಇಲಿ ಎದ್ದ ಮೇಲೆ ಸುಬೇದಾರರು ಸೆಲ್ಯೂಟ್ ಹೊಡೆದು ಬಾಗಿಲು ತೆಗೆದರು. ಸಮಿತಿಯವರು ಒಳ್ಳೆಯ ವರದಿಯನ್ನೇ ಬರೆದರಂತೆ.

ನನಗೆ ಗೆರೆ ಓದಲು ಕಲಿಸಿದವರು ಅವರೇ. ಮಿದುಳಿನ ಗೆರೆಯನ್ನು ನಂಬಬೇಡ ಅನ್ನುತ್ತಿದ್ದರು. ಎಚ್ಚರವಿದ್ದಾಗಲೂ ಕನಸು ಕಾಣುವಾಗಲೂ ಅದು ಒಂದೇ ತರಹ ಕಾಣುತ್ತದೆ. ವ್ಯತ್ಯಾಸ ತಿಳಿಯುವುದು ಕುತ್ತಿಗೆಯಲ್ಲಿ. ಎಚ್ಚರವಿದ್ದರೆ ಆ ಗೆರೆ ಪೊದೆಯ ಹಾಗೆ ದಟ್ಟವಾಗಿರುತ್ತದೆ. ಕನಸು ಶುರುವಾದ ಕ್ಷಣ ಸ್ನಾಯುಗಳೆಲ್ಲ ಸತ್ವ ಬಿಟ್ಟು, ಸ್ಕೇಲು ಇಟ್ಟು ಎಳೆದಂತೆ ಗೆರೆ ನೇರವಾಗುತ್ತದೆ. ಕನಸಿನಲ್ಲಿ ಓಡುವವನು ಹಾಸಿಗೆಯಿಂದ ಎದ್ದು ಓಡದಿರಲಿ ಎಂದು ದೇಹ ಮಾಡಿಕೊಂಡ ಏರ್ಪಾಡು ಅದು. "ಕುತ್ತಿಗೆ ನೋಡಮ್ಮ, ಕುತ್ತಿಗೆ ಸುಳ್ಳು ಹೇಳೋದಿಲ್ಲ" ಎಂಬುದು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಮಾತು.

ನಮ್ಮ ತಂಡಕ್ಕೆ ಹೆಸರು ತಂದ ಕೆಲಸ ಹುಟ್ಟಿದ್ದೂ ಅಲ್ಲಿಂದಲೇ. ಮಿದುಳಿನ ಬುಡದಲ್ಲಿ ಸಣ್ಣ ಗಾಯ ಮಾಡಿದ ಒಂದು ಇಲಿಯಲ್ಲಿ ಕನಸು ಬಂದಾಗಲೂ ಕುತ್ತಿಗೆಯ ಗೆರೆ ಇಳಿಯಲಿಲ್ಲ. ತಂತಿ ಸಡಿಲವಾಗಿದೆ, ಬಿಸಾಡಿ ಅಂದರು ಪ್ರೊಫೆಸರ್. ತಂತಿ ಸರಿ ಇದೆ ಸಾಬ್, ಇಲಿಯೇ ಹಾಗೆ ಅಂದರು ಸುಬೇದಾರರು. ಪಂಜರದ ಮುಂದೆ ಪ್ರೊಫೆಸರನ್ನು ಕೂರಿಸಿ ತೋರಿಸಿದರು. ಕಣ್ಣು ಮುಚ್ಚಿ ಗಾಢವಾಗಿ ಮಲಗಿದ್ದ ಆ ಇಲಿ ಇದ್ದಕ್ಕಿದ್ದಂತೆ ಮುಂಗಾಲು ಎತ್ತಿ ಯಾವುದನ್ನೋ ಪರಚುತ್ತಿತ್ತು. ನಿದ್ದೆಯಲ್ಲೇ ಎದ್ದು, ಹಲ್ಲು ತೋರಿಸಿ, ಪಂಜರದ ಗೋಡೆಗೆ ಹಾರಿ ಬಿದ್ದಿತು. ನಾನು ಹಿಂದಕ್ಕೆ ಸರಿದೆ. ಕಾಣದ ಶತ್ರುವಿನ ಜೊತೆ ಕಾದಾಡುವ ಮಲಗಿದ ಪ್ರಾಣಿಯನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಆ ಲೇಖನ ದೊಡ್ಡ ಪತ್ರಿಕೆಯಲ್ಲಿ ಬಂತು. ಕೊನೆಯ ಸಾಲಿನಲ್ಲಿ ಸುಬೇದಾರರಿಗೆ ಕೃತಜ್ಞತೆ ಹೇಳಲಾಗಿತ್ತು.

ಭಾನುವಾರ ಹಾಸ್ಟೆಲಿನ ಊಟ ಬೇಸರವಾದಾಗ ಅವರ ಮನೆಗೆ ಹೋಗುವುದು ನನಗೆ ಅಭ್ಯಾಸವಾಯಿತು. ಅವರ ಹೆಂಡತಿಯನ್ನು ನಾನು ಆಂಟಿ ಅನ್ನುತ್ತಿದ್ದೆ. ಐಎನ್ಎ ಮಾರ್ಕೆಟ್ಟಿನಿಂದ ಹಂದಿ ಮಾಂಸ ತಂದು, ಊರಿನಿಂದ ಬಂದ ಹುಳಿ ಹಾಕಿ ಸಾರು ಮಾಡುತ್ತಿದ್ದರು. ಮಾಂಸ ತಿನ್ನದ ನನಗೆ ಬೇರೆಯಾಗಿ ಸೌತೆಕಾಯಿ ಪಲ್ಯ, ಅಕ್ಕಿ ತರಿಯ ಉಂಡೆ ಬೇಯಿಸಿದ ಕಡಂಬುಟ್ಟು. ಮಾತು ಕಡಿಮೆ, ನಗು ಜಾಸ್ತಿ ಇದ್ದ ಹೆಂಗಸು.

ಎರಡನೆಯ ವರ್ಷದ ಚಳಿಗಾಲದಲ್ಲಿ ಒಂದು ಭಾನುವಾರ ಆಂಟಿಯ ಎಡಗಣ್ಣಿನ ಕೆಳಗೆ ನೀಲಿಗಟ್ಟಿತ್ತು. ಬೀರುವಿನ ಬಾಗಿಲು ಬಡಿಯಿತು ಅಂದರು. ಸುಬೇದಾರರು ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು ಹೊರಟಾಗ ಬಸ್ ಸ್ಟಾಪಿನವರೆಗೆ ಜೊತೆಗೆ ಬಂದ ಮಗಳು, ಬಾಗಿಲಲ್ಲ, ಪಪ್ಪಾ ಹೊಡೆದರು, ನಿದ್ದೆಯಲ್ಲಿ, ಎಂದು ಹಿಂದಿಯಲ್ಲಿ ಪಿಸುಗುಟ್ಟಿದಳು. ತಿಂಗಳಿಗೆ ಎರಡು ಮೂರು ಸಲ ಹೀಗಾಗುತ್ತದಂತೆ. ಕಿರುಚುತ್ತಾರೆ, ಒದೆಯುತ್ತಾರೆ, ಎಬ್ಬಿಸಿದರೆ ಯಾರೋ ತನ್ನ ಮೇಲೆ ಏರಿ ಬಂದರು ಅನ್ನುತ್ತಾರೆ. ಸೈನ್ಯದ ನೆನಪುಗಳು, ಹೋಗುತ್ತವೆ ಬಿಡು ಎಂದು ಅಮ್ಮ ಹೇಳಿದ್ದಾಳೆ. ಪಕ್ಕದ ಮನೆಯವರು ಮಾತ್ರ ಕುಡಿದು ಹೊಡೆಯುತ್ತಾನೆ ಎಂದು ಮಾತಾಡಿಕೊಳ್ಳುತ್ತಾರೆ.

ಮಲಗಿದ ಪ್ರಾಣಿಯೊಂದು ಹಲ್ಲು ತೋರಿಸಿ ಗೋಡೆಗೆ ಹಾರಿದ್ದನ್ನು ನೋಡಿದ್ದ ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಮಗೆ ಇಲಿ ಬೇರೆ, ಕಿದ್ವಾಯಿ ನಗರದ ಮನೆ ಬೇರೆ.

ಹೊಳೆದದ್ದು ಸುಬೇದಾರರಿಗೆ. ಪ್ರತಿ ಶುಕ್ರವಾರ ಮಧ್ಯಾಹ್ನ ನಮ್ಮಲ್ಲಿ ಸೆಮಿನಾರ್ ಇರುತ್ತಿತ್ತು. ಆ ವಾರ ಪ್ರೊಫೆಸರೇ ಮಾತಾಡಿದರು. ನಮ್ಮ ಇಲಿಗಳಿಗೆ ಆದದ್ದು ಮನುಷ್ಯರಿಗೂ ಆಗುತ್ತದೆ, ಸಾಮಾನ್ಯವಾಗಿ ಐವತ್ತು ದಾಟಿದ ಗಂಡಸರಿಗೆ, ಅಂದರು. ಕನಸಿನಲ್ಲಿ ಸ್ನಾಯು ಸಡಿಲವಾಗದೆ, ಕಂಡ ಕನಸನ್ನು ಆಡಿ ತೋರಿಸುತ್ತಾರೆ. ಅದು ಅಷ್ಟಕ್ಕೇ ನಿಲ್ಲುವುದಿಲ್ಲ, ಇಂಥವರಲ್ಲಿ ಬಹಳ ಮಂದಿಗೆ ಮುಂದೆ ಪಾರ್ಕಿನ್ಸನ್, ಅಂದರೆ ಕೈಕಾಲು ನಡುಗಿ ಮೈ ಮರಗಟ್ಟುವ ರೋಗ, ಇಲ್ಲವೇ ಬುದ್ಧಿ ಮಂಕಾಗುವ ಕಾಯಿಲೆ ಬರುವುದನ್ನು ವೈದ್ಯರು ಗಮನಿಸುತ್ತಿದ್ದಾರೆ. ನಿದ್ದೆಯಲ್ಲಿ ಕಾಣುವುದು ಮೊದಲ ಸೂಚನೆ ಅಷ್ಟೆ.

ಸುಬೇದಾರರು ಹಿಂದಿನ ಸಾಲಿನಲ್ಲಿ ಪ್ರೊಜೆಕ್ಟರ್ ನೋಡಿಕೊಳ್ಳುತ್ತಿದ್ದರು. ಸೆಮಿನಾರಿನಲ್ಲಿ ಅವರು ಯಾವತ್ತೂ ಪ್ರಶ್ನೆ ಕೇಳಿದವರಲ್ಲ. ಅವತ್ತು ಎದ್ದು ನಿಂತು, ಎರಡೂ ಕೈ ಪಕ್ಕಕ್ಕೆ ಇಟ್ಟುಕೊಂಡು, ಹಿಂದಿಯಲ್ಲಿ ಕೇಳಿದರು: "ಸಾಬ್, ಎಷ್ಟು ವರ್ಷದ ನಂತರ?"

ಕೆಲವರಿಗೆ ಮೂರು, ಕೆಲವರಿಗೆ ಹತ್ತು, ಕೆಲವರಿಗೆ ಬರದೆಯೂ ಇರಬಹುದು ಎಂದು ಪ್ರೊಫೆಸರ್ ಮುಂದಿನ ಸ್ಲೈಡಿಗೆ ಹೋದರು. ಸುಬೇದಾರರು ಸ್ವಲ್ಪ ಹೊತ್ತು ನಿಂತೇ ಇದ್ದು, ಆಮೇಲೆ ಕೂತರು.

ಮರುದಿನ ಶನಿವಾರ. ಕಂಪ್ಯೂಟರಿಗೆ ಜೋಡಿಸುವ ಹೊಸ ಯಂತ್ರ ಬಂದಿತ್ತು. ಮನುಷ್ಯರ ಮೇಲೆ ಒಮ್ಮೆ ಹಾಕಿ ಪರೀಕ್ಷಿಸಿ ನೋಡೋಣ ಬಾ ಎಂದು ನನ್ನನ್ನು ಕರೆದರು. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಬೆಳಗಿನ ಜಾವ ನಾಲ್ಕಕ್ಕೇ ಏಳುವವರು. ಬೆಳಿಗ್ಗೆ ಹತ್ತು ಗಂಟೆಗೆ ಮತ್ತೆ ಮಲಗಿದರೆ ಕನಸಿನ ನಿದ್ದೆ ಬೇಗ ಬರುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಾವೇ ಕನ್ನಡಿ ನೋಡಿಕೊಂಡು ಹಣೆಗೆ, ಕಣ್ಣಿನ ಬದಿಗೆ, ಗದ್ದಕ್ಕೆ ತಂತಿ ಅಂಟಿಸಿಕೊಂಡರು. ಮನುಷ್ಯರಲ್ಲಿ ಕುತ್ತಿಗೆಯ ಬದಲು ಗದ್ದದ ಸ್ನಾಯುವನ್ನು ನೋಡುತ್ತಾರೆ. ಉದ್ದನೆಯ ಮೇಜಿನ ಮೇಲೆ ಕಂಬಳಿ ಹಾಸಿ ಮಲಗಿದರು. ಏನಾದರೂ ಆದರೆ ಹತ್ತಿರ ಬರಬೇಡ, ದೂರದಿಂದ ಕೂಗಿ ಎಬ್ಬಿಸು ಅಂದರು. ಆಗ ಆಂಟಿಯ ನೀಲಿಗಟ್ಟಿದ ಕಣ್ಣು ನೆನಪಾಗಿ ನಾನು ಕುರ್ಚಿಯನ್ನು ದೂರಕ್ಕೆ ಎಳೆದುಕೊಂಡೆ.

ಮುಕ್ಕಾಲು ಗಂಟೆ ಕಳೆದಿರಬೇಕು. ತೆರೆಯ ಮೇಲೆ ಕಣ್ಣಿನ ಗೆರೆ ಕುಣಿಯತೊಡಗಿತು. ಮಿದುಳಿನ ಗೆರೆ ಎಚ್ಚರವಿದ್ದವರ ಗೆರೆಯಂತೆ ಸಣ್ಣಗಾಯಿತು. ನಾನು ಕೆಳಗಿನ ಗೆರೆ ನೋಡುತ್ತ ಕೂತೆ. ಈಗ ಇಳಿಯುತ್ತದೆ, ಈಗ ಇಳಿಯುತ್ತದೆ ಅಂದುಕೊಂಡೆ. ಅದು ಇಳಿಯಲೇ ಇಲ್ಲ. ಸುಬೇದಾರರ ಬಲಗೈ ಮೇಲೆದ್ದು ಗಾಳಿಯನ್ನು ಹಿಡಿದು ತಿರುಚಿತು. ಗಂಟಲಿನಿಂದ ನಾನೆಂದೂ ಕೇಳದ ದನಿ ಬಂತು. ನಾನು ಬಾಗಿಲ ಬಳಿಗೆ ಓಡಿ ಅಲ್ಲಿಂದ ಕೂಗಿದೆ.

ಎದ್ದವರು ಮೊದಲು ಕೇಳಿದ್ದು ನೀರು. ಕುಡಿದು ಕಂಪ್ಯೂಟರಿನ ಮುಂದೆ ಬಂದು ಕೂತರು. ಇಲಿಯ ಕಾಗದ ಓದುವಂತೆಯೇ, ಪೆನ್ಸಿಲಿನ ತುದಿಯನ್ನು ತೆರೆಗೆ ತಾಗಿಸುತ್ತ, ಒಂದೊಂದೇ ತುಣುಕು ನೋಡಿದರು. ಎಲ್ಲ ಮುಗಿದ ಮೇಲೆ ಪೆನ್ಸಿಲು ಕೆಳಗಿಟ್ಟರು.

"ಮನೆಯಲ್ಲಿ ಹೇಳಬೇಡ. ಪ್ರೊಫೆಸರಿಗೂ ಬೇಡ. ನನಗೆ ಮಾತು ಕೊಡು."

ಕೊಟ್ಟೆ. ಇಪ್ಪತ್ತಾರು ವರ್ಷದವಳಿಗೆ ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಆ ರೆಕಾರ್ಡಿಂಗನ್ನು ಎಲ್ಲಿ ಉಳಿಸಲಿ ಎಂದು ಕೇಳಿದೆ. ಪಂಜರಗಳ ಪಟ್ಟಿ ನೋಡಿದರು. ಆ ಹೊತ್ತಿಗೆ ಆ ಪ್ರಯೋಗದಲ್ಲಿ ಅರುವತ್ತು ಇಲಿಗಳಾಗಿದ್ದವು. ಅರುವತ್ತೊಂದು ಅಂತ ಬರಿ ಅಂದರು.

ಅಲ್ಲಿಂದ ಮುಂದೆ ತಿಂಗಳಿಗೊಂದು ಶನಿವಾರ ಅರುವತ್ತೊಂದನೆಯ ಪ್ರಾಣಿಯ ರೆಕಾರ್ಡಿಂಗ್ ನಡೆಯುತ್ತಿತ್ತು. ತಂತಿ ಅಂಟಿಸುವುದು ನಾನು, ಓದುವುದು ಅವರು. ಬಂದ ಫಲಿತಾಂಶವನ್ನು ಫೈಲಿನಲ್ಲಿ ಸೇರಿಸಿ, ಮೇಲೆ ತಮ್ಮ ದುಂಡು ಅಕ್ಷರದಲ್ಲಿ ದಿನಾಂಕ ಹಾಕುತ್ತಿದ್ದರು.

ಮಾರ್ಚಿನಲ್ಲಿ ಹೋಳಿಯ ಮರುದಿನ ನಾನು ಸರೋಜಿನಿ ನಗರದಲ್ಲಿ ಕೊಂಡ ಅಗ್ಗದ ಅತ್ತರನ್ನು ಮರೆತು ಹಾಕಿಕೊಂಡು ಲ್ಯಾಬಿಗೆ ಬಂದೆ. ಬಾಗಿಲಲ್ಲಿ ನೆನಪಾಗಿ, ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಸುಬೇದಾರರು ಪಕ್ಕದಲ್ಲೇ ಹಾದುಹೋದರು. ಏನೂ ಅನ್ನಲಿಲ್ಲ. ಒಳಗೆ ನನ್ನ ಜೊತೆ ಸಂಶೋಧನೆ ಮಾಡುತ್ತಿದ್ದ ಗೆಳತಿ ಮೂಗು ಮುಚ್ಚಿಕೊಂಡಳು. ಅದನ್ನು ಅವರು ನೋಡಿದರು. ನನ್ನ ಹತ್ತಿರ ಬಂದು, ಮಣಿಕಟ್ಟು ಹಿಡಿದೆತ್ತಿ, ಮೂಗಿಗೆ ತಾಗಿಸಿಕೊಂಡು ಉಸಿರೆಳೆದರು. ಮತ್ತೆ ಎಳೆದರು. ಕೈ ಬಿಟ್ಟು, ತಲೆ ತಗ್ಗಿಸಿ ಇಲಿಗಳನ್ನು ಸಾಕುವ ಅನಿಮಲ್ ಹೌಸಿನ ಕಡೆಗೆ ನಡೆದರು. ವಾಸನೆ ಹೋಗುವುದೂ ಆ ಕಾಯಿಲೆಯ ಮುನ್ಸೂಚನೆಗಳಲ್ಲಿ ಒಂದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಶನಿವಾರ ಫೈಲಿನಲ್ಲಿ ಅದನ್ನೂ ಬರೆದರು.

ನಾನು ಕೊಟ್ಟ ಮಾತಿನ ಬೆಲೆ ತೆತ್ತದ್ದು ಆಂಟಿ. ಮೇ ತಿಂಗಳ ಒಂದು ಬೆಳಿಗ್ಗೆ ಮಗಳು ಹಾಸ್ಟೆಲಿಗೆ ಫೋನು ಮಾಡಿದಳು. ಹಿಂದಿನ ರಾತ್ರಿ ನಿದ್ದೆಯಲ್ಲಿ ಅವರು ಒದ್ದ ರಭಸಕ್ಕೆ ಆಂಟಿ ಮಂಚದಿಂದ ಬಿದ್ದು ಹೆಗಲ ಬಳಿಯ ಕಾಲರ್ ಬೋನು ಮುರಿದಿತ್ತು. ನಾನು ಆಸ್ಪತ್ರೆಗೆ ಹೋದಾಗ ಆಂಟಿಯ ಅಣ್ಣ ಅಲ್ಲಿದ್ದರು. ಮೀರತ್ತಿನ ರೆಜಿಮೆಂಟಿನಲ್ಲಿದ್ದ ಆತ ಸುದ್ದಿ ತಿಳಿದೊಡನೆ ಕಾರಿನಲ್ಲಿ ಬಂದಿದ್ದರು. ಇನ್ನು ಆ ಮನೆಗೆ ಕಾಲಿಡಬೇಡ, ಮಗಳನ್ನೂ ಕರೆದುಕೊಂಡು ನನ್ನ ಜೊತೆ ಹೊರಡು ಎಂದು ತಂಗಿಗೆ ಹೇಳುತ್ತಿದ್ದರು. ಆಂಟಿ ಗೋಡೆ ನೋಡುತ್ತ ಮಲಗಿದ್ದರು. ಸುಬೇದಾರರು ಆಸ್ಪತ್ರೆಯ ಹೊರಗೆ, ಬೇವಿನ ಮರದ ಕೆಳಗೆ, ಒಬ್ಬರೇ ನಿಂತಿದ್ದರು. ನನ್ನನ್ನು ನೋಡಿದರು. ಕರೆಯಲಿಲ್ಲ.

ಅಣ್ಣ ಚಹಾಕ್ಕೆಂದು ಹೊರಗೆ ಹೋದಾಗ ಆಂಟಿ ಕೇಳಿದರು: "ನೀನು ದಿನಾ ಜೊತೆಗಿರ್ತೀಯಲ್ಲ, ನಿಜ ಹೇಳು. ಇವರಿಗೆ ನನ್ನ ಮೇಲೆ ಏನು ಸಿಟ್ಟು?"

ಹೇಳಿಬಿಟ್ಟೆ. ಇಲಿಯ ಬಗ್ಗೆ, ಕುತ್ತಿಗೆಯ ಗೆರೆಯ ಬಗ್ಗೆ, ಮೇಜಿನ ಮೇಲೆ ಮಲಗಿದ ಶನಿವಾರಗಳ ಬಗ್ಗೆ. ಹೊಡೆಯುತ್ತಿರುವುದು ನಿಮ್ಮನ್ನಲ್ಲ ಆಂಟಿ, ಕನಸಿನಲ್ಲಿ ಬಂದ ಯಾರನ್ನೋ, ಅದಕ್ಕೆ ಔಷಧಿ ಇದೆ, ಬೇರೆ ಮಂಚದಲ್ಲಿ ಮಲಗಿ ಅಂದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ದಿಂಬು ಒದ್ದೆಯಾಯಿತು. "ಸಿಟ್ಟಲ್ಲ ಅಲ್ವಾ?" ಅಂದರು. ಅಲ್ಲ ಅಂದೆ. ಮುಂದೆ ಏನು ಬರಲಿದೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆಂಟಿ ಅಣ್ಣನ ಜೊತೆ ಹೋಗಲಿಲ್ಲ. ಸುಬೇದಾರರು ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಎಂಟನೆಯ ದಿನ, ಪಂಜರಗಳಿಗೆ ನೀರಿನ ಬಾಟಲಿ ಸಿಕ್ಕಿಸುತ್ತಿದ್ದಾಗ, ನನ್ನ ಕಡೆ ತಿರುಗದೆ ಹೇಳಿದರು: "ನೀನು ಹೇಳಿದ್ದು ಸರಿ. ಆದರೆ ಅರ್ಧ ಹೇಳಿದೆ. ಇನ್ನರ್ಧ ನಿನ್ನೆ ನಾನು ಹೇಳಿದೆ."

ಆಂಟಿ ಏನಂದರು ಎಂದು ಕೇಳಿದೆ.

"ನನ್ನ ಕೈ ತೆಗೆದುಕೊಂಡು ನೋಡಿದಳು."

ನರರೋಗದ ಡಾಕ್ಟರರು ಕೊಟ್ಟ ಮಾತ್ರೆಯಿಂದ ಹೊಡೆತ ಕಡಿಮೆಯಾಯಿತು. ಬರಲಿರುವುದನ್ನು ತಡೆಯುವ ಮಾತ್ರೆ ಅವರ ಹತ್ತಿರವೂ ಇರಲಿಲ್ಲ. ಆಮೇಲಿನ ಮೂರು ವರ್ಷ ನಾವು ಕಾದೆವು. ಹೊರಗಿನವರಿಗೆ ಅದು ಒಳ್ಳೆಯ ಕಾಲ. ತಂಡಕ್ಕೆ ಹೊಸ ಅನುದಾನ ಬಂತು, ಎರಡು ಲೇಖನ ಬಂದವು, ನನ್ನ ಪ್ರಬಂಧದ ಅಧ್ಯಾಯಗಳು ಒಂದೊಂದಾಗಿ ಮುಗಿದವು. ಸುಬೇದಾರರು ಎಂದಿಗಿಂತ ಹೆಚ್ಚು ಆಪರೇಷನ್ ಮಾಡಿದರು. ಆತುರ ಇತ್ತು ಅನ್ನಿಸುತ್ತದೆ. ನಾನು ಪಕ್ಕದಲ್ಲಿ ನಿಂತು ಸಲಕರಣೆ ಕೊಡುತ್ತಿದ್ದೆ. ಇಲಿಯನ್ನು ನೋಡಬೇಕಾದವಳು ಅವರ ಬೆರಳುಗಳನ್ನು ನೋಡುತ್ತಿದ್ದೆ. ನಾನು ನೋಡುವುದನ್ನು ಅವರು ನೋಡುತ್ತಿದ್ದರು. ಮನೆಯಲ್ಲಿ ಆಂಟಿಯೂ ಹಾಗೇ. ಚಹಾದ ಲೋಟ ಕೊಟ್ಟು, ಅದು ಸಾಸರಿನ ಮೇಲೆ ಸದ್ದು ಮಾಡುತ್ತದೇನೋ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದರು. ಸದ್ದಾಗದಿದ್ದರೆ ಒಳಗೆ ಹೋಗುತ್ತಿದ್ದರು. ಎಷ್ಟೋ ಸಲ ನನಗೆ ಬರುವುದಿದ್ದರೆ ಬಂದುಬಿಡಲಿ ಅನ್ನಿಸಿದೆ. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಿದೆ.

ಅದು ಬಂದ ದಿನ ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಆಗಸ್ಟಿನ ಸೆಕೆ. ಒಂದು ಆಪರೇಷನ್ ಮುಗಿಸಿ, ಹೊಲಿಗೆ ಹಾಕಿ, ಇಲಿಯನ್ನು ಬೆಚ್ಚಗಿನ ಪೆಟ್ಟಿಗೆಗೆ ಮಲಗಿಸಿದರು. ಎರಡನೆಯ ಇಲಿಗೆ ಅರಿವಳಿಕೆ ಕೊಟ್ಟಾಗಿತ್ತು. ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸಿ ನನ್ನ ಮುಂದೆ ಇಟ್ಟು, ಇದನ್ನು ನೀನು ಮಾಡಮ್ಮ ಅಂದರು. ಕೈ ಅಲುಗದೆ ಕಲ್ಲಿನ ಹಾಗಿತ್ತಲ್ಲ ಅಂಕಲ್ ಅಂದೆ. ಹೊರಗೆ ಇಲ್ಲ, ಒಳಗೆ ಶುರುವಾಗಿದೆ, ಎಲುಬಿನ ಹತ್ತಿರ ಏನೋ ಹರಿದಾಡಿದ ಹಾಗೆ, ಅಂದರು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ನಾನು ಮಾಡುವುದನ್ನು ಕೊನೆಯವರೆಗೆ ನೋಡಿದರು. ಮತ್ತೆ ಅವರು ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಯಾರ ಕಣ್ಣಿಗೂ ನಡುಕ ಬೀಳುವ ಮೊದಲೇ, ಒಂದು ಇಲಿಗೂ ನೋವಾಗುವ ಮೊದಲೇ ಕೈ ಹಿಂದೆಗೆದರು. ದೀಪಾವಳಿ ಹೊತ್ತಿಗೆ ಬಲಗೈಯ ಹೆಬ್ಬೆರಳು ತಾನಾಗಿ ಅಲುಗತೊಡಗಿತ್ತು.

ಅದೇ ಚಳಿಗಾಲದಲ್ಲಿ ಅವರು ಅರುವತ್ತೊಂದರ ಫೈಲನ್ನು ಪ್ರೊಫೆಸರ ಮೇಜಿನ ಮೇಲಿಟ್ಟರು. ನಾನೂ ಜೊತೆಗಿದ್ದೆ. ಪ್ರೊಫೆಸರ್ ಹಾಳೆಗಳನ್ನು ತಿರುವಿದರು. ಇಲಿಯದಲ್ಲ ಎಂದು ಮೊದಲ ಹಾಳೆಯಲ್ಲೇ ತಿಳಿದಿರಬೇಕು. ಕನ್ನಡಕ ತೆಗೆದರು. ಯಾವಾಗಿನಿಂದ ಗೊತ್ತು ಎಂದು ಕೇಳಿದರು.

"ನೀವು ಹೇಳಿದ ಶುಕ್ರವಾರದಿಂದ, ಸಾಬ್."

ಪ್ರೊಫೆಸರ್ ಫೈಲು ಮುಚ್ಚಿ ಅದರ ಮೇಲೆ ಕೈಯಿಟ್ಟು ಕೂತರು. ತಾವು ಅವತ್ತಿನ ಪ್ರಶ್ನೆಗೆ ಉತ್ತರ ಕೊಟ್ಟು ಸ್ಲೈಡು ಬದಲಿಸಿದ್ದು ಅವರಿಗೂ ನೆನಪಿತ್ತೆಂದು ಕಾಣುತ್ತದೆ. ಮುಂದೆ ಆ ವಿಷಯದ ಮೇಲೆ ಅವರು ಸೆಮಿನಾರ್ ಕೊಟ್ಟದ್ದನ್ನು ನಾನು ಕಂಡಿಲ್ಲ. ನಮ್ಮ ಕೊನೆಯ ಲೇಖನದಲ್ಲಿ ಸುಬೇದಾರರ ಹೆಸರು ಕೃತಜ್ಞತೆಯ ಸಾಲಿನಿಂದ ಮೇಲಕ್ಕೆ, ಲೇಖಕರ ಸಾಲಿಗೆ ಬಂತು. ನಾನು ಕೇಳಬೇಕೆಂದಿದ್ದೆ. ಕೇಳುವ ಮೊದಲೇ ಪ್ರೊಫೆಸರ್ ಬರೆದಿದ್ದರು. ಅಚ್ಚಾದ ಪ್ರತಿಯನ್ನು ಮನೆಗೆ ಒಯ್ದು ಕೊಟ್ಟಾಗ ಸುಬೇದಾರರು ಹೆಸರಿನ ಮೇಲೆ ಬೆರಳಿಡಲು ನೋಡಿದರು. ಬೆರಳು ಆಚೀಚೆ ಹೋಯಿತು. ಮಗಳು ಹಿಡಿದು ಇಟ್ಟಳು.

ಆಮೇಲಿನದು ಬೇಗ ಬೇಗ ಆಯಿತು. ಕೆಲಸದಿಂದ ಸ್ವಇಚ್ಛೆಯ ನಿವೃತ್ತಿ ತೆಗೆದುಕೊಂಡರು. ಹೆಜ್ಜೆ ಚಿಕ್ಕದಾಯಿತು. ಮುಖದ ಮೇಲೆ ನಗುವಾಗಲಿ ಗದರಿಕೆಯಾಗಲಿ ಮೂಡುವುದು ನಿಂತಿತು. ಕೆಲವು ದಿನ ಇಲ್ಲದ ಜನರನ್ನು ಕಂಡು, ಬಾಗಿಲು ತೆಗಿ, ಅವರನ್ನು ಕೂರಿಸು ಅನ್ನುತ್ತಿದ್ದರಂತೆ. ನನಗೆ ರೋಹಿಣಿಯಲ್ಲಿ ಕೆಲಸ ಸಿಕ್ಕಿತು. ದಿಲ್ಲಿಯ ಆ ತುದಿಯಿಂದ ಈ ತುದಿಗೆ ಮೆಟ್ರೋ, ಬಸ್ಸು, ಆಟೋ ಬದಲಿಸಿ ತಿಂಗಳಿಗೊಮ್ಮೆ ಬರುತ್ತಿದ್ದೆ.

ಕೊನೆಯ ಸಲ ಹೋದದ್ದು ಜನವರಿಯ ಒಂದು ಮಧ್ಯಾಹ್ನ. ಮಂಜು ಹರಿದು ಬಿಸಿಲು ಬಿದ್ದಿತ್ತು. ಕ್ವಾರ್ಟರ್ಸಿನ ಮುಂದಿನ ಹುಲ್ಲಿನ ಮೇಲೆ ಮಂಚ ಹಾಕಿ ಅವರನ್ನು ಮಲಗಿಸಿದ್ದರು. ಪಕ್ಕದಲ್ಲಿ ಆಂಟಿ ಮೊರದಲ್ಲಿ ಬಟಾಣಿ ಸುಲಿಯುತ್ತಿದ್ದರು. ಆಕೆಯೂ ಕೆಲಸ ಬಿಡುವ ಯೋಚನೆಯಲ್ಲಿದ್ದರು. ಬಿಟ್ಟರೆ ಮನೆಯೂ ಹೋಗುತ್ತದೆ ಎಂಬ ಚಿಂತೆ. ಸುಬೇದಾರರು ನನ್ನನ್ನು ಗುರುತಿಸಿದರೋ ಇಲ್ಲವೋ ಹೇಳಲಾರೆ. ಚಮಚದಲ್ಲಿ ಕೊಟ್ಟ ಗಂಜಿ ಅರ್ಧ ಹೊರಗೆ ಬಂತು. ಎದೆಯ ಮೇಲಿದ್ದ ಎರಡೂ ಕೈ ನಿಲ್ಲದೆ ನಡುಗುತ್ತಿದ್ದವು. ಹಾಗೇ ಕಣ್ಣು ಮುಚ್ಚಿದರು. ನಿದ್ದೆ ಹತ್ತಿದಂತೆ ನಡುಕ ತಗ್ಗಿ, ನಿಂತುಹೋಯಿತು.

ನಾನು ಆಂಟಿಯ ಜೊತೆ ಬಟಾಣಿ ಸುಲಿಯುತ್ತ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಸುಬೇದಾರರ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಓಡಾಡತೊಡಗಿತು. ನನಗೆ ಅಭ್ಯಾಸಬಲ. ಸುಲಿಯುವುದನ್ನು ಬಿಟ್ಟು ನೋಡಿದೆ. ಎರಡೂ ಕೈ ನಿಧಾನವಾಗಿ ಮೇಲೆದ್ದವು. ನಾನು ಮೊರವನ್ನು ಹಿಂದಕ್ಕೆ ಎಳೆದುಕೊಂಡೆ.

"ಹೆದರಬೇಡ," ಅಂದರು ಆಂಟಿ. "ಹೊಡೆಯೋದೆಲ್ಲ ಯಾವಾಗಲೋ ನಿಂತುಹೋಯಿತು. ಈಗ ದಿನಾ ಇಷ್ಟೇ. ಏನು ಮಾಡ್ತಾರೆ ಅಂತ ನಮಗೆ ಯಾರಿಗೂ ಗೊತ್ತಾಗೋದಿಲ್ಲ. ಮಾಲೆ ಕಟ್ಟಿದ ಹಾಗಿರುತ್ತೆ."

ಎಡಗೈ ಬೋಗುಣಿಯ ಹಾಗೆ ಬಾಗಿತ್ತು. ಹೆಬ್ಬೆರಳು, ತೋರುಬೆರಳು ಎರಡು ಬದಿಯಿಂದ ಯಾವುದನ್ನೋ ಮೃದುವಾಗಿ ಹಿಡಿದಿದ್ದವು. ಬಲಗೈಯ ಮೂರು ಬೆರಳು ಒಂದಾಗಿ ಬಲಕ್ಕೆ ಸ್ವಲ್ಪವೇ ತಿರುಗಿ, ನಿಂತು, ಮತ್ತೆ ಸ್ವಲ್ಪ ತಿರುಗಿದವು.

"ಇಲಿಯ ತಲೆ ಹಿಡಿದಿದ್ದಾರೆ ಆಂಟಿ," ಅಂದೆ. "ಮೊಳೆ ಕೂರಿಸ್ತಿದ್ದಾರೆ."

ಆಂಟಿಯ ಕೈಯಲ್ಲಿ ಬಟಾಣಿಯ ಸಿಪ್ಪೆ ಹಾಗೇ ಉಳಿಯಿತು. ನಾನು ಒಂದೊಂದನ್ನೂ ಹೇಳುತ್ತ ಹೋದೆ. ಇದು ಎರಡನೆಯ ಮೊಳೆ. ಇದು ಕಣ್ಣಿನ ತಂತಿ. ಈಗ ಕುತ್ತಿಗೆಗೆ ಬಂದರು, ಇಲ್ಲಿ ಹುಷಾರಾಗಿರಬೇಕು, ಪಕ್ಕದಲ್ಲೇ ರಕ್ತನಾಳ ಇದೆ. ಈಗ ಹೊಲಿಗೆ. ಮುಚ್ಚಿದ ಕಣ್ಣಿನಲ್ಲಿ, ಬಿಸಿಲಿನಲ್ಲಿ, ಆ ಬೆರಳುಗಳು ಒಂದು ಕೂದಲೆಳೆಯಷ್ಟೂ ಅಲುಗದೆ ಕೆಲಸ ಮಾಡುತ್ತಿದ್ದವು.

"ಸರಿಯಾಗಿ ಮಾಡ್ತಿದ್ದಾರಾ?" ಆಂಟಿ ಕೇಳಿದರು.

"ಒಂದೂ ತಪ್ಪಿಲ್ಲ."

ಬಲಗೈ ನನ್ನ ಕಡೆಗೆ ಚಾಚಿ, ಅಂಗೈ ಮೇಲೆ ಮಾಡಿ ನಿಂತಿತು. ಆಂಟಿ ನನ್ನ ಮುಖ ನೋಡಿದರು. ನಾನು ಮುಂದಕ್ಕೆ ಬಾಗಿ, ಸುಬೇದಾರರ ಅಂಗೈಯಲ್ಲಿ ನನ್ನ ಬರಿಗೈಯಿಂದ ಇಲ್ಲದ ಕತ್ತರಿ ಇಟ್ಟೆ. ಬೆರಳುಗಳು ಅದನ್ನು ತೆಗೆದುಕೊಂಡು, ದಾರ ಕತ್ತರಿಸಿ, ಎದೆಯ ಮೇಲೆ ಇಳಿದವು.

ಅವರಿಗೆ ಎಚ್ಚರವಾಗುತ್ತಿತ್ತು. ಮೊದಲು ಬಲಗೈಯ ಹೆಬ್ಬೆರಳು ಅಲುಗಿತು, ಆಮೇಲೆ ಎಲ್ಲ ಬೆರಳುಗಳೂ.